ಕ್ಯಾವನ್‌ಸೈಟ್: ನೀಲಿ ಹರಳನ್ನು ಗುರುತಿಸುವ ಕ್ರಮ

ಪುಣೆಯ ಪಕ್ಕದ ವಾಘೋಲಿಯ ಕಲ್ಲುಕ್ವಾರಿಗಳು ಜಗತ್ತಿನ ಹರಳು ಸಂಗ್ರಾಹಕರಿಗೆಲ್ಲ ಪರಿಚಿತವಾಗಿರುವುದು ಕ್ಯಾವನ್‌ಸೈಟ್ ಎಂಬ ನೀಲಿ ಖನಿಜದಿಂದ. 1967ರಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಮೊದಲು ಸಿಕ್ಕ ಇದರ ಹೆಸರಿನಲ್ಲೇ ಕ್ಯಾಲ್ಸಿಯಂ, ವೆನೇಡಿಯಂ, ಸಿಲಿಕಾನ್ ಮೂರೂ ಅಡಗಿವೆ. ಬಣ್ಣವೊಂದನ್ನೇ ನಂಬಿ ಇದನ್ನು ಗುರುತಿಸಲು ಹೋಗಿ ಮೋಸಹೋದವರನ್ನು ನಾನು ಹಲವು ಬಾರಿ ಕಂಡಿರುವುದರಿಂದ ಈ ಕ್ರಮವನ್ನು ಬರೆಯುತ್ತಿದ್ದೇನೆ.

ಮೊದಲಿಗೆ ಕ್ವಾರಿಯ ಮಾಲೀಕರ ಅನುಮತಿ ಪಡೆಯಿರಿ. ಸಿಡಿಮದ್ದು ಹಾರಿಸುವ ಹೊತ್ತನ್ನು ಕೇಳಿ ತಿಳಿದುಕೊಂಡು, ಹೆಲ್ಮೆಟ್ ಧರಿಸಿಯೇ ಒಳಗೆ ಹೋಗಿ.

ಆಮೇಲೆ ಬಂಡೆಯನ್ನು ನೋಡಿ. ದಖನ್ನಿನ ಕಪ್ಪುಕಲ್ಲಿನ ಪೊಟರೆಗಳಲ್ಲಿ, ಒಡೆದು ಬೆಸೆದ ಚೂರುಕಲ್ಲಿನ ಸಂದುಗಳಲ್ಲಿ, ಸ್ಟಿಲ್ಬೈಟ್, ಹ್ಯೂಲಂಡೈಟ್ ಅಥವಾ ಕ್ಯಾಲ್ಸೈಟ್ ಎಂಬ ಬಿಳಿಯ ಖನಿಜಗಳ ಮೇಲೆ ಇದು ಕೂತಿರುತ್ತದೆ. ನಮ್ಮ ಬೆಳಗಾವಿ, ವಿಜಯಪುರ, ಬೀದರ್ ಕಡೆಯ ಕಪ್ಪುಕಲ್ಲೂ ಇದೇ ಲಾವಾ ಹಾಸಿಗೆಗೆ ಸೇರಿದ್ದು. ಆದರೆ ಪೊಟರೆಯೊಳಗೆ ಹಸಿರು ಲೇಪವೇನಾದರೂ ಕಂಡರೆ ಅದು ಬಹುಮಟ್ಟಿಗೆ ಸೆಲಡೋನೈಟ್ ಎಂಬ ಬೇರೆ ಖನಿಜ, ಕ್ಯಾವನ್‌ಸೈಟ್ ಅಲ್ಲ.

ಎಡವುವ ಜಾಗ ಇನ್ನು ಮುಂದಿನದು. ಇದೇ ಕ್ವಾರಿಗಳಲ್ಲಿ ಪೆಂಟಗೊನೈಟ್ ಎಂಬ ಇನ್ನೂ ಅಪರೂಪದ ಖನಿಜವಿದೆ. ಎರಡರ ರಾಸಾಯನಿಕ ಸಂಯೋಜನೆಯೂ ಒಂದೇ, ನೀಲಿಯೂ ಒಂದೇ, ಪರಮಾಣುಗಳ ಜೋಡಣೆ ಮಾತ್ರ ಬೇರೆ. ಹತ್ತು ಪಟ್ಟು ಹಿಗ್ಗಿಸುವ ಮಸೂರವನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಕಲ್ಲನ್ನೇ ಮಸೂರದ ಕಡೆಗೆ ತಂದು, ಬಿಸಿಲಿಗೆ ಮೆಲ್ಲನೆ ಹೊರಳಿಸುತ್ತ ನೋಡಿ. ಸಣ್ಣ ಹರಳುಗಳು ಒಂದು ನಡುವಿನಿಂದ ಸುತ್ತಲೂ ಚಿಮ್ಮಿ, ಒತ್ತೊತ್ತಾಗಿ ಉಂಡೆಯನ್ನೋ ಹೂವನ್ನೋ ಕಟ್ಟಿದ್ದರೆ ಅದು ಸಾಮಾನ್ಯವಾಗಿ ಕ್ಯಾವನ್‌ಸೈಟ್. ಹರಳುಗಳು ಉದ್ದನೆಯ ಅಲಗುಗಳಂತೆ ಬಿಡಿಬಿಡಿಯಾಗಿ ನಿಂತಿದ್ದರೆ ತುದಿಯ ಕಡೆಯಿಂದ ನೋಡಿ: ಐದು ಮೂಲೆಯ ನಕ್ಷತ್ರದಂತಹ ಅಡ್ಡಕೊಯ್ತ ಕಂಡರೆ ಪೆಂಟಗೊನೈಟ್ ಎಂದು ಧೈರ್ಯವಾಗಿ ಹೇಳಬಹುದು. ನಕ್ಷತ್ರ ಕಾಣದಿದ್ದರೆ ಊಹಿಸಬೇಡಿ, ಪ್ರಯೋಗಾಲಯದ ಎಕ್ಸ್-ರೇ ಪರೀಕ್ಷೆಗೆ ಬಿಡಿ.

ಮಸೂರ ಕೈಯಲ್ಲಿರುವಾಗಲೇ ಉಂಡೆಯ ಬುಡವನ್ನೂ ಪರಿಶೀಲಿಸಬೇಕು. ಸಹಜವಾಗಿ ಬೆಳೆದದ್ದರ ಬುಡದಲ್ಲಿ ನೀಲಿ ಮತ್ತು ಬಿಳಿ ಹರಳುಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಅಂಟಿಸಿದ್ದರ ಬುಡದಲ್ಲಿ ಹೊಳೆಯುವ ಅಂಟಿನ ಅಂಚು, ಗಾಳಿಗುಳ್ಳೆ, ಕಲ್ಲಿನ ಪುಡಿ ಕಾಣುತ್ತವೆ. ಬಿಡಿ ಉಂಡೆಗಳನ್ನು ಬಿಳಿ ಕಲ್ಲಿಗೆ ಅಂಟಿಸಿ ಮಾರುವ ಅಭ್ಯಾಸವಿರುವುದರಿಂದ, ಬುಡ ನೋಡಲು ಬಿಡದ ವ್ಯಾಪಾರಿಯಿಂದ ಏನನ್ನೂ ಕೊಳ್ಳಬೇಡಿ.

ಚಾಕುವಿನಿಂದ ಗೀರಿ ನೋಡುವ ಅಡ್ಡದಾರಿಯನ್ನು ನಾನು ಎಂದಿಗೂ ಒಪ್ಪುವುದಿಲ್ಲ. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಕ್ಯಾವನ್‌ಸೈಟಿನದು 3ರಿಂದ 4 ಮಾತ್ರ; ಗೀರಿದರೆ ಹರಳು ಹಾಳಾಗುತ್ತದೆ, ಹೊಸದೇನೂ ತಿಳಿಯುವುದಿಲ್ಲ. ಆಮ್ಲವನ್ನೂ ದೂರವಿಡಿ, ಅದು ಅಡಿಯಲ್ಲಿರುವ ಕ್ಯಾಲ್ಸೈಟನ್ನು ತಿಂದುಹಾಕುತ್ತದೆ.

ಸಿಕ್ಕ ತುಣುಕನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ, ನೀಲಿ ಭಾಗಕ್ಕೆ ಒತ್ತಡ ಬೀಳದಂತೆ ಡಬ್ಬಿಯಲ್ಲಿಟ್ಟು, ಕ್ವಾರಿಯ ಹೆಸರನ್ನೂ ದಿನಾಂಕವನ್ನೂ ಅಲ್ಲೇ ಚೀಟಿಯಲ್ಲಿ ಬರೆದು ಜೊತೆಗಿಡಿ.