ಹಳೇ ಕಾರಿನ ಬಾಡಿಯನ್ನು ಚಾಸಿಸ್ ಮೇಲೆ ಕೂರಿಸುವ ಕ್ರಮ

1930–40ರ ದಶಕದ ಫೋರ್ಡ್, ಷೆವ್ರೊಲೆ, ಡಾಡ್ಜ್‌ನಂಥ ಕಾರುಗಳಲ್ಲಿ ಚಾಸಿಸ್ (ಎಂಜಿನ್, ಚಕ್ರಗಳನ್ನು ಹೊರುವ ಕೆಳಗಿನ ಚೌಕಟ್ಟು) ಬೇರೆ, ಬಾಡಿ ಬೇರೆ. ಅಂಬಾಸಡರ್, ಮೋರಿಸ್ ಮೈನರ್‌ಗಳಲ್ಲಿ ಹಾಗಲ್ಲ. ಇಲ್ಲಿ ಹೇಳುವ ವಿಧಾನ ಅವಕ್ಕೆ ಹೊಂದುವುದಿಲ್ಲ. ಚಾಸಿಸ್ ಬೇರೆ ಇರುವ ಕಾರಿನ ಬಾಡಿ ಒಂಟಿಯಾಗಿ ನಿಂತಾಗ ಮೆತ್ತಗಿರುತ್ತದೆ. ಅದನ್ನು ಆಕಾರದಲ್ಲಿ ಹಿಡಿಯುವುದು ಚಾಸಿಸ್ ಮತ್ತು ಎರಡರ ನಡುವಿನ ಪ್ಯಾಕಿಂಗ್. ಬಾಗಿಲು ಮುಚ್ಚುತ್ತಿಲ್ಲವೆಂದು ಬಾಗಿಲನ್ನೇ ತಟ್ಟಿ ಬಗ್ಗಿಸಲು ಹೊರಡಬೇಡಿ. ದೋಷ ಸಾಮಾನ್ಯವಾಗಿ ಅದರ ಕೆಳಗಿರುತ್ತದೆ.

ಬಾಡಿ ಎತ್ತುವ ಮೊದಲು ಎರಡು ಕೆಲಸ. ಒಂದು, ಪ್ರತಿ ಬೋಲ್ಟಿನ ಜಾಗಕ್ಕೂ ಎಡ 1, ಬಲ 1 ಎಂದು ನಂಬರ್ ಕೊಟ್ಟು, ಅಲ್ಲಿದ್ದ ಪ್ಯಾಕಿಂಗಿನ ದಪ್ಪ ಅಳೆದು ಬರೆದಿಡಿ. ಕೊಳೆತ ಪ್ಯಾಕಿಂಗನ್ನೂ ಎಸೆಯಬೇಡಿ. ಎರಡು, ಬಾಗಿಲುಗಳು ಸರಿಯಾಗಿ ಮುಚ್ಚಿಕೊಂಡಿರುವಾಗಲೇ ಒಳಗಿನಿಂದ 25 ಮಿ.ಮೀ. ಚೌಕ ಪೈಪಿನ ಅಡ್ಡ ಪಟ್ಟಿ ಹಾಕಿ: ಎಡ-ಬಲ ಕಂಬಗಳ ನಡುವೆ, ಪ್ರತಿ ಬಾಗಿಲ ತೆರಪಿನಲ್ಲಿ ಮುಂದೆ-ಹಿಂದೆ, ಜೊತೆಗೆ ಒಂದು ಮೂಲೆಯಿಂದ ಮೂಲೆಗೆ. ಕೊಡಗಿನ ಮಳೆಯಲ್ಲಿ ವರ್ಷಗಟ್ಟಲೆ ನಿಂತ ಕಾರಿನ ಬಾಗಿಲ ಕೆಳಗಿನ ಪಟ್ಟಿ ತುಕ್ಕು ತಿಂದಿರುತ್ತದೆ. ಪೈಪು ಹಾಕದೆ ಚೈನ್ ಪುಲ್ಲಿಗೆ ತೂಗುಹಾಕಿದರೆ ಬಾಡಿ ಅಲ್ಲೇ ಮಡಚುತ್ತದೆ.

ಕೆಲಸಕ್ಕೆ ಮಟ್ಟದ ನೆಲ ಬೇಕು. ಕಾಫಿ ಒಣಗಿಸಿ ಮುಗಿದ ಮೇಲೆ, ಮಳೆಗಾಲಕ್ಕೆ ಮುಂಚೆ, ತೋಟದ ಕಣ ಖಾಲಿಯಿರುತ್ತದೆ, ಜಾಗವೂ ಧಾರಾಳ. ಆದರೆ ನೀರು ಹರಿಯಲೆಂದು ಕಣಕ್ಕೆ ಇಳಿಜಾರು ಕೊಟ್ಟಿರುತ್ತಾರೆ. ಕಣ್ಣಳತೆ ನಂಬದೆ ನೀರಿನ ಪೈಪಿನಿಂದ ಮಟ್ಟ ನೋಡಿ, ಸ್ಟ್ಯಾಂಡ್‌ಗಳ ಕೆಳಗೆ ಹಲಗೆ ಕೊಟ್ಟು ಸರಿಮಾಡಿ. ಸ್ಟ್ಯಾಂಡ್ ಇಡಬೇಕಾದದ್ದು ಆಕ್ಸಲ್ ಕೆಳಗೆ, ಚಾಸಿಸ್ ಕೆಳಗಲ್ಲ. ಎಂಜಿನ್, ಗೇರ್‌ಬಾಕ್ಸ್, ರೇಡಿಯೇಟರ್ ಎಲ್ಲವೂ ಚಾಸಿಸ್ ಮೇಲಿರಲಿ. ಬರೀ ಚಾಸಿಸ್ ಮೇಲೆ ಹೊಂದಿಸಿದ ಬಾಡಿ, ಎಂಜಿನ್ ಕೂತ ದಿನವೇ ಬಾಗಿಲ ಗ್ಯಾಪ್ ಬದಲಿಸುತ್ತದೆ.

ಈಗ ಚಾಸಿಸ್ ಪರೀಕ್ಷೆ. ಎಡ-ಬಲದಲ್ಲಿ ಜೋಡಿಯಾಗಿರುವ ಕಾರ್ಖಾನೆಯ ತೂತುಗಳನ್ನು ಆರಿಸಿಕೊಂಡು, ಗಾರೆಯವರ ತೂಕದ ಗುಂಡಿನಿಂದ ನೆಲಕ್ಕೆ ಗುರುತು ಇಳಿಸಿ. ನೆಲದ ಗುರುತುಗಳ ನಡುವೆ ಮೂಲೆಯಿಂದ ಮೂಲೆಗೆ ಅಳೆಯಿರಿ. ಎರಡು ಕರ್ಣಗಳ ವ್ಯತ್ಯಾಸ 3 ಮಿ.ಮೀ. ಒಳಗಿದ್ದರೆ ಮುಂದುವರಿಯಿರಿ. 6 ಮಿ.ಮೀ. ದಾಟಿದರೆ ಚಾಸಿಸ್ ನೆಟ್ಟಗೆ ಮಾಡಿಸದೆ ಬಾಡಿ ಮುಟ್ಟಬೇಡಿ. ತಿರುಚಿದೆಯೇ ಎಂದು ತಿಳಿಯಲು ಮುಂದೆ, ನಡುವೆ, ಹಿಂದೆ ಅಡ್ಡಲಾಗಿ ನೇರ ಪಟ್ಟಿಯಿಟ್ಟು ರಸಮಟ್ಟ ನೋಡಿ. ಮೂರೂ ಕಡೆ ಗುಳ್ಳೆ ಒಂದೇ ಜಾಗದಲ್ಲಿ ನಿಲ್ಲಬೇಕು.

ಪ್ಯಾಕಿಂಗಿಗೆ ಕ್ಯಾನ್ವಾಸ್ ಪದರವಿರುವ 6 ಮಿ.ಮೀ. ಕನ್ವೇಯರ್ ಬೆಲ್ಟ್ ಚೆನ್ನಾಗಿರುತ್ತದೆ. ಟ್ಯೂಬಿನ ರಬ್ಬರ್ ಬೇಡ, ಭಾರಕ್ಕೆ ನುಜ್ಜಾಗುತ್ತದೆ. ಜೊತೆಗೆ 1, 1.5, 3 ಮಿ.ಮೀ. ತಗಡಿನಲ್ಲಿ ಒಂದು ಬದಿ ಸೀಳಿದ ಶಿಮ್‌ಗಳನ್ನು (ಸಂದು ತುಂಬುವ ತೆಳು ಬಿಲ್ಲೆಗಳು) ಸಾಕಷ್ಟು ಕತ್ತರಿಸಿಟ್ಟುಕೊಳ್ಳಿ; ಸೀಳಿದ್ದರೆ ಬೋಲ್ಟ್ ಪೂರ್ತಿ ತೆಗೆಯದೆ ಪಕ್ಕದಿಂದ ತೂರಿಸಬಹುದು. ಮೂಲದಲ್ಲಿ ಮರದ ದಿಮ್ಮಿ ಇದ್ದ ಕಡೆ ಚೆನ್ನಾಗಿ ಒಣಗಿದ ತೇಗ ಅಥವಾ ಹೊನ್ನೆ ಹಾಕಿ. ಹಸಿ ಮರ ಬೇಸಿಗೆಯಲ್ಲಿ ಕುಗ್ಗಿದರೆ ಬೋಲ್ಟ್ ಸಡಿಲವಾಗುತ್ತದೆ, ಮಾಡಿದ ಲೆಕ್ಕವೆಲ್ಲ ಹಾಳು. 1930ರ ದಶಕದ ಮೊದಲರ್ಧದ ಷೆವ್ರೊಲೆಯಾದರೆ ತಗಡಿನೊಳಗೂ ಮರದ ಚೌಕಟ್ಟಿದೆ; ಅದನ್ನು ಮೊದಲು ದುರಸ್ತಿ ಮಾಡಿ.

ಬಾಡಿ ಇಳಿಸಿ, ಬೋಲ್ಟುಗಳನ್ನು ಕೈಯಲ್ಲಿ ತಿರುಗುವಷ್ಟೇ ಹಾಕಿ. ಇಡೀ ಕೆಲಸದ ಮುಖ್ಯ ಘಟ್ಟ ಇದು. ಪ್ರತಿ ಜಾಗದಲ್ಲೂ ಬಾಡಿ ಪ್ಯಾಕಿಂಗ್ ಮೇಲೆ ತಾನಾಗಿಯೇ ಕೂತಿದೆಯೇ ಎಂದು ಫೀಲರ್ ಗೇಜ್ (ಸಂದು ಅಳೆಯುವ ತೆಳು ಅಲಗುಗಳು) ತೂರಿಸಿ ನೋಡಿ. 2 ಮಿ.ಮೀ. ಸಂದು ಕಂಡರೆ 2 ಮಿ.ಮೀ. ಶಿಮ್ ತುಂಬಿ. ಸಂದನ್ನು ಬೋಲ್ಟ್ ಬಿಗಿದು ಮುಚ್ಚಿದರೆ ಬಾಡಿ ಅಷ್ಟು ಬಾಗಿತು ಎಂದೇ ಅರ್ಥ. ಆಮೇಲೆ ಅಡ್ಡ ಪೈಪುಗಳನ್ನು ತೆಗೆದು, ಮುಂದಿನ ಬೋಲ್ಟಿನಿಂದ ಶುರುಮಾಡಿ ಹಿಂದಕ್ಕೆ, ಎಡಕ್ಕೊಂದು ಬಲಕ್ಕೊಂದು ಸುತ್ತಿನಂತೆ ಬಿಗಿಯುತ್ತ, ಪ್ರತಿ ಸಲ ಬಾಗಿಲು ತೆರೆದು ಮುಚ್ಚಿ ನೋಡಿ.

ಗ್ಯಾಪ್ ಓದುವ ಮುಂಚೆ ಬಾಗಿಲ ತುದಿ ಹಿಡಿದು ಮೇಲಕ್ಕೆತ್ತಿ. ಅಲುಗಿದರೆ ಹಿಂಜಸ್‌ನ ಪಿನ್ ಸವೆದಿದೆ. ಪಿನ್ ಬದಲಿಸಿಯೇ ಮುಂದಿನ ಮಾತು. ಸವೆದ ಪಿನ್ನೂ ತಪ್ಪು ಪ್ಯಾಕಿಂಗೂ ತೋರಿಸುವ ಲಕ್ಷಣ ಒಂದೇ. ಅದಕ್ಕೇ ಈ ಹಂತದಲ್ಲಿ ಬಹಳ ಜನ ದಾರಿ ತಪ್ಪುತ್ತಾರೆ.

ಮುಂಭಾಗದಲ್ಲಿ ಹಿಂಜಸ್ ಇರುವ ಬಾಗಿಲಿನ ಲೆಕ್ಕ ಹೀಗೆ. ಲಾಕ್ ಬದಿಯ ಗ್ಯಾಪ್ ಮೇಲೆ ಕಿರಿದು, ಕೆಳಗೆ ಅಗಲ, ಬಾಗಿಲ ಹಿಂತುದಿ ಕೆಳಗಿಳಿದಿದೆ ಎಂದರೆ ಬಾಡಿ ನಡುವೆ ಜೋತಿದೆ: ಬಾಗಿಲ ಹಿಂದಿನ ಕಂಬದ ಕೆಳಗೆ ಶಿಮ್ ಸೇರಿಸಿ, ಇಲ್ಲವೇ ಡ್ಯಾಶ್‌ಬೋರ್ಡ್ ಮುಂದಿನ ಬೋಲ್ಟಿನಿಂದ ತೆಗೆಯಿರಿ. ಮೇಲೆ ಅಗಲ, ಕೆಳಗೆ ಕಿರಿದಾಗಿದ್ದರೆ ಮುಂಭಾಗ ಇಳಿದಿದೆ, ಅಲ್ಲೇ ಸೇರಿಸಿ. ಹಿಂದೆ ಹಿಂಜಸ್ ಇರುವ ಬಾಗಿಲಿಗೆ ಗ್ಯಾಪ್ ನೋಡಬೇಕಾದದ್ದು ಮುಂದಿನ ಕಂಬದ ಬದಿ. ಎಷ್ಟು ಸೇರಿಸಬೇಕೆಂಬುದನ್ನು ಲೆಕ್ಕ ಹಾಕಿಯೇ ಹೇಳಬಹುದು: ಎರಡು ಬೋಲ್ಟುಗಳ ಅಂತರ 600 ಮಿ.ಮೀ., ಬಾಗಿಲ ಎತ್ತರ 1000 ಮಿ.ಮೀ. ಆದರೆ 1.5 ಮಿ.ಮೀ. ಶಿಮ್ ಬಾಗಿಲ ಮೇಲ್ತುದಿಯನ್ನು ಸುಮಾರು 2.5 ಮಿ.ಮೀ. ಸರಿಸುತ್ತದೆ. ಆದ್ದರಿಂದ ಒಮ್ಮೆಗೆ 1.5ಕ್ಕಿಂತ ಹೆಚ್ಚು ಬೇಡ, ಒಮ್ಮೆಗೆ ಒಂದೇ ಜಾಗ. ಎಡ ಮುಂದೆ ಎತ್ತಿದರೆ ಬಲ ಹಿಂದಿನ ಬಾಗಿಲೂ ಬದಲಾಗಬಹುದು. ಪ್ರತಿ ಸಲ ಎಲ್ಲ ಬಾಗಿಲುಗಳನ್ನೂ ನೋಡಿ. ಬರಿ ತಗಡಿನಲ್ಲಿ 5 ಮಿ.ಮೀ. ಗ್ಯಾಪ್ ಸಮನಾಗಿ ಬಂದರೆ ಸಾಕು. ಪ್ರೈಮರ್, ಪೇಂಟ್ ಸೇರಿ ಅದು ಇನ್ನಷ್ಟು ಕಿರಿದಾಗುತ್ತದೆ.

ಬಾನೆಟ್ ಕೊನೆಗೆ ಹತ್ತಿರ ಬರುವ ಕೆಲಸ. ಬಾಗಿಲು ಕೂತ ಮೇಲೆ ಬಾಡಿ ಮುಟ್ಟದೆ, ರೇಡಿಯೇಟರ್ ಕೆಳಗಿನ ಪ್ಯಾಕಿಂಗ್ ಮತ್ತು ಅದನ್ನು ಹಿಡಿದಿರುವ ರಾಡಿನಿಂದಲೇ ಬಾನೆಟ್ ಹೊಂದಿಸಿ. ಮಡ್‌ಗಾರ್ಡ್‌ಗಳದ್ದು ಕೊನೆಯ ಸರದಿ. ಅವುಗಳ ತೂತು ಕೂಡದಿದ್ದರೆ ಎಳೆದು ಬಿಗಿಯಬೇಡಿ, ತೂತನ್ನೇ ಉದ್ದ ಮಾಡಿ.

ಪೇಂಟಿಗೆ ಕೊಡುವ ಮುಂಚೆ ತೋಟದ ಹಳ್ಳಕೊಳ್ಳದ ರಸ್ತೆಯಲ್ಲೂ ಸಂಪಾಜೆ ಘಾಟಿಯಂಥ ತಿರುವುಗಳಲ್ಲೂ 50–100 ಕಿ.ಮೀ. ಓಡಿಸಿ. ರಬ್ಬರ್ ಕೂತು ಬೋಲ್ಟುಗಳು ಸಡಿಲವಾಗಿರುತ್ತವೆ. ಮತ್ತೆ ಬಿಗಿದು ಗ್ಯಾಪ್ ಅಳೆಯಿರಿ. ರಬ್ಬರ್ ಅಂಚು ಉಬ್ಬಿ ಹೊರಬರುವಷ್ಟು ಬಿಗಿಯಬಾರದು, ನಟ್ಟಿಗೆ ಸ್ಪ್ಲಿಟ್ ಪಿನ್ ಹಾಕಿ. ಪೇಂಟಿಗೆಂದು ಬಾಡಿ ಬಿಚ್ಚುವಾಗ ಪ್ರತಿ ಜಾಗದ ಶಿಮ್‌ಗಳನ್ನು ತಂತಿಯಲ್ಲಿ ಪೋಣಿಸಿ ನಂಬರ್ ಕಟ್ಟಿ. ಪ್ಯಾಕಿಂಗ್ ಕೂರುವ ಜಾಗಗಳಿಗೆ ಮೇಲೂ ಕೆಳಗೂ ಜಿಂಕ್ ಪ್ರೈಮರ್ ಬಳಿದು, ಬಾಗಿಲ ಕೆಳಗಿನ ಪಟ್ಟಿಯ ನೀರು ಹೋಗುವ ತೂತುಗಳನ್ನು ಬಿಡಿಸಿ. ಕೆಂಪು ಮಣ್ಣು ಅಲ್ಲಿ ಸೇರಿಕೊಂಡು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಸಿಯಾಗಿಯೇ ಉಳಿಯುವುದರಿಂದ, ತುಕ್ಕು ಮೊದಲು ಹಿಡಿಯುವುದು ಈ ಜಾಗಗಳಿಗೇ.