ಮಗ್ಗದ ಗದ್ದಲದಲ್ಲಿ ಪೇಟಿ ಟ್ಯೂನಿಂಗ್: ನನ್ನ ಅನುಭವ

ಬನಹಟ್ಟಿಯಲ್ಲಿ ನನ್ನ ಪೇಟಿ (ಹಾರ್ಮೋನಿಯಂ) ರಿಪೇರಿ ಅಂಗಡಿ. ಪಕ್ಕದ ಗೋಡೆಗೇ ಪಾವರ್‌ಲೂಮ್. ಹಗಲು ಟ್ಯೂನ್ ಮಾಡಿ ಕೊಟ್ಟ ಪೇಟಿ ರಾತ್ರಿ ಭಜನೆಯಲ್ಲಿ ಇಳಿದು ಕೇಳುತ್ತಿತ್ತು, ಮೇಲಿನ ಸಪ್ತಕದಲ್ಲಿ ಜಾಸ್ತಿ. ಗಿರಾಕಿ ವಾಪಸ್ ತಂದರೆ ಮತ್ತೆ ಪುಕ್ಕಟೆ ಕೆಲಸ. ಕೆರೆದು ಸವೆದ, ಸ್ವರ ನುಡಿಸುವ ಹಿತ್ತಾಳೆ ಪಟ್ಟಿಗಳಾದ ರೀಡ್‌ಗಳಿಗೇ ಒಂದು ವರ್ಷ ಐದಾರು ಸಾವಿರ ಹೋಗಿರಬೇಕು. ಗೋಡೆಗೆ ಥರ್ಮಾಕೋಲ್ ಬಡಿಸಿದೆ, ಅದೂ ದಂಡ. ಟ್ಯೂನರ್ ಆ್ಯಪ್‌ನ ಮುಳ್ಳು ಗದ್ದಲದಲ್ಲಿ ಕುಣಿಯುತ್ತದೆ, ನಿಲ್ಲುವುದೇ ಇಲ್ಲ.

ಒಮ್ಮೆ ಸುಮ್ನೆ ಫೋನಿನಲ್ಲಿ 440 ಹರ್ಟ್ಜ್‌ನ ಸಾದಾ ಸ್ವರ ಸಣ್ಣಗೆ ಹಚ್ಚಿ, ಗುಂಯ್ ಅನ್ನುವ ಮೋಟರ್ ಹತ್ತಿರ ಹೋದೆ. ಪೂರ್ತಿ ಮುಚ್ಚಿಹೋಗುವ ಮುಂಚೆ ಸ್ವರ ತುಸು ಏರಿದಂತೆ ಕೇಳಿತು. ಫೋನ್ ನುಡಿಸುತ್ತಿದ್ದದ್ದು ಅದೇ 440. ಸ್ವರಕ್ಕಿಂತ ತಗ್ಗಿನ ಗುಂಯ್ ಗದ್ದಲ ಕಿವಿಯಲ್ಲಿ ಸ್ವರವನ್ನು ಮೇಲಕ್ಕೆ ತಳ್ಳುತ್ತದೆ. ತಂಬೂರಿ ಆ್ಯಪ್ ಹಚ್ಚಿದರೆ ಇಷ್ಟು ಜಾರಲ್ಲ, ತುಂಬಿದ ಸ್ವರ ಗಟ್ಟಿ. ಪೇಟಿಯೂ ಹಾಗೇ, ಆದರೆ ನಮಗೆ ನಾಲ್ಕು ಸೆಂಟ್ (ಪಕ್ಕಪಕ್ಕದ ಎರಡು ಸ್ವರಗಳ ಅಂತರದ ನೂರರಲ್ಲಿ ನಾಲ್ಕು ಪಾಲು) ಕೂಡ ಜಾಸ್ತಿಯೇ ಅಲ್ವಾ? ಏರಿದೆ ಅಂತ ಸ್ವರ ಇಳಿಸಲು ರೀಡಿನ ಬುಡ ಕೆರೆಯುವುದು, ರಾತ್ರಿ ಅದು ಇಳಿದು ಕೇಳುವುದು.

ಇನ್ನೊಂದು ಮೋಜು. 200 ಹರ್ಟ್ಜ್‌ನ ಸಾದಾ ಸ್ವರವನ್ನು ಜೋರು ಮಾಡುತ್ತ ಹೋದರೆ ಇಳಿದಂತೆ ಕೇಳುತ್ತದೆ. ನನಗೆ ಕೇಳಿತು, ಅಂಗಡಿಯ ಹುಡುಗನಿಗೆ ಇಲ್ಲ.

ಕೊನೆಗೆ ಸ್ವರ ಕೇಳುವುದನ್ನೇ ಬಿಟ್ಟು ಅಲೆ ಎಣಿಸಲು ಶುರು ಮಾಡಿದೆ. ಹತ್ತಿರದ ಎರಡು ಸ್ವರ ಕೂಡಿ ನುಡಿದಾಗ ಸದ್ದು ಏರಿಳಿಯುವುದೇ ಅಲೆ. ಒಂದು ಹಳೆ ರೀಡ್ ಸೆಟ್ಟನ್ನು ರಾತ್ರಿ ಕೂತು ಪಕ್ಕಾ ಮಾಡಿ ತಾಯಿ ಪೆಟ್ಟಿಗೆ ಮಾಡಿಟ್ಟೆ. ಪ್ರತಿ ರೀಡನ್ನು ಅದರ ಜೋಡಿ ನುಡಿಸುತ್ತೇನೆ. 440ರ ಜೋಡಿ 442 ನುಡಿದರೆ ಸೆಕೆಂಡಿಗೆ ಎರಡು ಅಲೆ. ಗದ್ದಲ ಎಷ್ಟಿದ್ದರೂ ಈ ಲೆಕ್ಕ ಬದಲಾಗಲ್ಲ.

"ಕಿವಿ ಇಲ್ಲದಾಂವ ಎಣಿಸ್ಕೋತ ಕುಂದರ್ತಾನ" ಅಂದರು ಹಿರಿಯ ಪೇಟಿ ಮಾಸ್ತರೊಬ್ಬರು. ಮೊದಮೊದಲು ಅವರದೇ ಗೆದ್ದಿತು. ಮಗ್ಗದ ಹೊಡೆತವೂ ಸೆಕೆಂಡಿಗೆ ಎರಡರ ಆಸುಪಾಸು, ಯಾವುದು ಅಲೆ ಯಾವುದು ಖಟಖಟ ತಿಳಿಯುತ್ತಿರಲಿಲ್ಲ. ಆಮೇಲೆ ಒಂದು ಕೋಲಿನ ತುದಿ ಪೇಟಿಗೆ, ಇನ್ನೊಂದು ತುದಿ ಕಿವಿಯ ಮುಂದಿನ ಎಲುಬಿಗೆ ಆನಿಸಿದೆ. ಅಲೆ ಬೇರೆಯಾಗಿ ಸಿಕ್ಕಿತು! ಮೂರ್ನಾಲ್ಕು ಸೆಕೆಂಡಿಗೆ ಒಂದು ಅಲೆ ಬರುವ ತನಕ ಕೆರೆಯುತ್ತೇನೆ. ಎರಡೂ ಕಡೆ ತಿದಿಯ ಒತ್ತಡ ಹೇಗೆ ಸಮ ಹಿಡಿಯುತ್ತೇನೆ ಅಂತ ಮಾತ್ರ ಕೇಳಬೇಡಿ, ಅದು ನನ್ನ ಹೊಟ್ಟೆಪಾಡು.

ಈಗ ಡಬಲ್ ರೀಡ್ ಪೇಟಿಗೆ ಎರಡು ಸಾವಿರದ ಮೇಲೆ ತಗೊಳ್ತೇನೆ, ವಾಪಸ್ ಬರುವುದು ಬಲು ಅಪರೂಪ. ಖರ್ಜದ (ಕೆಳಗಿನ ಸಪ್ತಕದ) ಕೊನೆಯ ನಾಲ್ಕೈದು ರೀಡ್‌ಗಳ ಅಲೆ ಮಾತ್ರ ಕೋಲಿಗೂ ಸರಿಯಾಗಿ ಸಿಗಲ್ಲ. ಅವನ್ನು ಕರೆಂಟ್ ಹೋದಾಗ ಮಾಡಿ ಮುಗಿಸುತ್ತೇನೆ.