ಬೂದು ಅಕ್ಷರ, ತುಂಡಾದ ಒತ್ತು

ಯಾವುದೇ ಹೊಸ ಆ್ಯಪ್ ತೆರೆದರೂ ನನ್ನ ಕಣ್ಣು ಮೊದಲು ಹೋಗುವುದು ಅಕ್ಷರದ ಕಡೆಗೆ. ಈಗಿನ ಡಿಸೈನ್‌ನಲ್ಲಿ ಅಕ್ಷರ ಸಣ್ಣದಾಗುತ್ತಿದೆ, ತೆಳ್ಳಗಾಗುತ್ತಿದೆ, ಮಸುಕಾಗುತ್ತಿದೆ. ಬಿಳಿ ಹಿನ್ನೆಲೆ, ಅದರ ಮೇಲೆ ತಿಳಿ ಬೂದು ಬರಹ, ಸುತ್ತ ಬೇಕಾದಷ್ಟು ಖಾಲಿ ಜಾಗ. ನೋಡೋಕೆ ಚೆನ್ನಾಗಿರುತ್ತದೆ, ನಿಜ. ಆದರೆ ಓದಬೇಕಲ್ವಾ?

ನಾವು ಡಿಸೈನರ್‌ಗಳು ಕೆಲಸ ತೋರಿಸುವುದೇ ಇನ್ನೊಬ್ಬ ಡಿಸೈನರ್‌ಗೆ. ದೊಡ್ಡ ಮಾನಿಟರ್ ಮೇಲೆ, ಅಲುಗಾಡದ ಒಂದು ಚಿತ್ರವಾಗಿ. ಮೆಚ್ಚುಗೆ ಸಿಗುವುದೂ ಆ ಚಿತ್ರಕ್ಕೇ. ಬಳಸುವವರು ಬಿಸಿಲಲ್ಲಿ ನಿಂತು, ಒಂದು ಕೈಯಲ್ಲಿ ಚೀಲ ಹಿಡಿದು, ಚಾರ್ಜ್ ಉಳಿಯಲಿ ಅಂತ ಬ್ರೈಟ್‌ನೆಸ್ ಇಳಿಸಿದ ಫೋನ್ ನೋಡುತ್ತಿರುತ್ತಾರೆ. 2013ರಲ್ಲಿ ಐಫೋನ್‌ನ ತಂತ್ರಾಂಶ ಐಒಎಸ್ 7 ಬಂದಾಗ ಪರದೆಯ ಗುಂಡಿಗಳ ನೆರಳು, ಉಬ್ಬು, ಅಂಚು ಎಲ್ಲ ಹೋದವು. ಯಾವುದನ್ನು ಒತ್ತಬೇಕು, ಯಾವುದು ಬರೀ ಬರಹ ಅನ್ನೋದೇ ಗೊತ್ತಾಗದಂತಾಯಿತು. ಮರುವರ್ಷ 7.1ರಲ್ಲಿ ಗುಂಡಿಯ ಆಕಾರ ತೋರಿಸುವ ಸೆಟ್ಟಿಂಗ್ ಸೇರಿಸಬೇಕಾಯಿತು. ಅಷ್ಟರಲ್ಲಿ ಆ ಚಪ್ಪಟೆ ನೋಟ ಎಲ್ಲ ಕಡೆ ಹಬ್ಬಿತ್ತು.

ನಾನೀಗ ಕೆಲಸ ಶುರು ಮಾಡುವುದು ಬೂದು ಬಣ್ಣದಿಂದಲೇ. ಬಿಳಿಯ ಮೇಲೆ 999999 ಎಂಬ ಬಣ್ಣಸಂಕೇತದ ಬೂದು ಹಾಕಿದರೆ ಕಾಂಟ್ರಾಸ್ಟ್, ಅಂದರೆ ಹಿನ್ನೆಲೆಗೂ ಅಕ್ಷರಕ್ಕೂ ಇರುವ ಹೊಳಪಿನ ಅನುಪಾತ, ಸುಮಾರು 2.8:1 ಬರುತ್ತದೆ. ವೆಬ್ ಪ್ರವೇಶ ಸೌಲಭ್ಯದ ಮಾರ್ಗಸೂಚಿ ಡಬ್ಲ್ಯುಸಿಎಜಿ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕೇಳುವುದು ಕನಿಷ್ಠ 4.5:1. ಇನ್ನೂ ಗಾಢವಾದ 767676ಕ್ಕೆ ಇಳಿದರೆ ಅಲ್ಲಿಗೆ ಮುಟ್ಟುತ್ತದೆ. ಅದಕ್ಕಿಂತ ತಿಳಿಯಾದ ಬೂದನ್ನು ನಾನು ಓದುವ ಬರಹಕ್ಕೆ ಇಟ್ಟುಕೊಳ್ಳುವುದೇ ಇಲ್ಲ. ಈ ಒಂದು ತೀರ್ಮಾನ ಮೊದಲೇ ಆದರೆ ಆಮೇಲಿನ ಎಷ್ಟೋ ವಾದ ತಪ್ಪುತ್ತದೆ.

ಇನ್ನು ಕನ್ನಡ. ನನಗೆ ಜಾಸ್ತಿ ನೋವಾಗುವುದು ಇಲ್ಲೇ. ಪೆಟ್ಟಿಗೆ, ಗುಂಡಿ, ಸಾಲಿನ ಅಂತರ ಎಲ್ಲ ಇಂಗ್ಲಿಷ್ ಅಕ್ಷರಕ್ಕೆ ಅಳತೆಯಾಗಿರುತ್ತವೆ. ಕನ್ನಡ ಕೊನೆಗೆ ಬಂದು ಅದರೊಳಗೆ ಹೇಗೋ ತೂರಿಕೊಳ್ಳಬೇಕು. ‘ರಾಷ್ಟ್ರೀಯ’ ಎಂದು ಬರೆದು ನೋಡಿ. ಷಕಾರದ ಕೆಳಗೆ ಟಕಾರ, ರಕಾರ ಎರಡೂ ಒತ್ತಾಗಿ ನಿಲ್ಲಬೇಕು, ಮೇಲೆ ಗುಡಿಸು ಬೇರೆ. ಎತ್ತರ ಬಿಗಿಮಾಡಿದ ಗುಂಡಿಯಲ್ಲಿ ಆ ಒತ್ತು ಅರ್ಧಕ್ಕೇ ತುಂಡಾಗುತ್ತದೆ. ಎರಡು ಸಾಲಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ಬಡಿಯುತ್ತದೆ. ಅದಕ್ಕೇ ಕನ್ನಡಕ್ಕೆ ಸಾಲಿನ ಎತ್ತರವನ್ನು ನಾನು ಅಕ್ಷರ ಗಾತ್ರದ 1.6ರಷ್ಟರಿಂದ ಶುರು ಮಾಡುತ್ತೇನೆ. ಗುಂಡಿಯ ಎತ್ತರ ಬಿಗಿಮಾಡುವುದಿಲ್ಲ, ಮೇಲೆ ಕೆಳಗೆ ಎಷ್ಟು ಜಾಗ ಬಿಡಬೇಕು ಅನ್ನುವುದನ್ನಷ್ಟೇ ಹೇಳುತ್ತೇನೆ. ಮಾದರಿ ಬರಹಕ್ಕೆ ಸುಮ್ನೆ ಏನೋ ತುಂಬುವ ಬದಲು ‘ಸಾಮರ್ಥ್ಯ’, ‘ವೈಶಿಷ್ಟ್ಯ’, ‘ಶಸ್ತ್ರಚಿಕಿತ್ಸೆ’ಯಂಥ ಪದಗಳನ್ನೇ ಹಾಕುತ್ತೇನೆ. ಜೊತೆಗೆ ಉದ್ದನೆಯ ಹೆಸರು, ಖಾಲಿ ಪಟ್ಟಿ, ನೆಟ್‌ವರ್ಕ್ ಇಲ್ಲದ ಪರದೆ. ಅವು ನಿಂತರೆ ಉಳಿದದ್ದು ತಾನಾಗಿ ನಿಲ್ಲುತ್ತದೆ.

‘ಇದೆಲ್ಲ ಹಾಕಿದರೆ ಡಿಸೈನ್ ಸ್ವಚ್ಛವಾಗಿ ಕಾಣೋದಿಲ್ಲ’ ಎನ್ನುವವರು ತೋರಿಸುವುದು ಜರ್ಮನಿಯ ಹೆಸರಾಂತ ಡಿಸೈನರ್ ಡೀಟರ್ ರಾಮ್ಸ್ ಕೆಲಸವನ್ನೇ. ನನಗೂ ಅವರು ಇಷ್ಟ. ಆದರೆ 1956ರಲ್ಲಿ ಬ್ರೌನ್ ಕಂಪನಿಗೆ ಹಾನ್ಸ್ ಗುಗೆಲೋಟ್ ಜೊತೆ ಮಾಡಿದ ಎಸ್‌ಕೆ 4 ರೆಕಾರ್ಡ್ ಪ್ಲೇಯರ್‌ನ ಆ ಪಾರದರ್ಶಕ ಮುಚ್ಚಳ ಹೇಗೆ ಬಂತು ನೋಡಿ. ಲೋಹದ ಮುಚ್ಚಳ ಹಾಕಿದರೆ ಹಾಡಿನ ಜೊತೆ ಅದೂ ಅದುರುತ್ತಿತ್ತು. ಅದಕ್ಕೆ ಅಕ್ರಿಲಿಕ್ ಬಂತು. ನಾವು ಆ ನೋಟವನ್ನು ತಂದುಕೊಂಡೆವು, ಅದರ ಹಿಂದೆ ಇದ್ದ ಅದುರುವಿಕೆಯ ತೊಂದರೆಯನ್ನು ಮರೆತೆವು.

ಮೀಟಿಂಗ್‌ನಲ್ಲಿ ನಾನೀಗ ಪರದೆಗಳನ್ನು ಗೋಡೆಯ ಮೇಲೆ ತೋರಿಸುವುದಿಲ್ಲ. ಹಳೆಯ ಫೋನ್ ಒಂದರಲ್ಲಿ ಹಾಕಿ, ಬ್ರೈಟ್‌ನೆಸ್ ಇಳಿಸಿ, ಕೈಗೆ ಕೊಡುತ್ತೇನೆ. ‘ಕಂತಿನ ಕೊನೆಯ ದಿನ ಯಾವುದು ಅಂತ ಓದಿ ಹೇಳಿ’ ಎನ್ನುತ್ತೇನೆ. ಫೋನನ್ನು ಕಣ್ಣಿನ ಹತ್ತಿರ ತಂದುಕೊಂಡರೆ ಅಕ್ಷರ ಇನ್ನೂ ದಪ್ಪ ಮಾಡಬೇಕೆಂದು ಅವರೇ ಹೇಳುತ್ತಾರೆ.